ಮೂಗಿಲ್ಲದ ಗೊಂಬೆಯ ಹನ್ನೊಂದು ಉಪಯೋಗಗಳು

ನೆಲದಡಿ ಸಿಕ್ಕ ಪುರಾತನ ವಸ್ತುವಿನ ಉಪಯೋಗವೇನೆಂದು ತೀರ್ಮಾನವಾಗುವವರೆಗೆ, ಅದು ಸಿಕ್ಕ ನೆಲವನ್ನು ಯಾರೂ ಯಾವ ಉಪಯೋಗಕ್ಕೂ ಬಳಸತಕ್ಕದ್ದಲ್ಲ. ಇದು ಪೂರ್ವ ಜಾವಾದ ತ್ರೊವುಲಾನಿನಲ್ಲಿರುವ ಪುರಾತನ ವಸ್ತು ಉಪಯೋಗ ನಿರ್ಣಯ ಕಚೇರಿಯ ಏಳನೇ ನಿಯಮ.

ಇಟ್ಟಿಗೆ ಮಾಡುವ ಕಸಿಯಾತಿಗೆ ತನ್ನ ಮಣ್ಣಿನ ಗುಂಡಿಯಲ್ಲಿ ಗೇಣುದ್ದದ ಸುಟ್ಟ ಮಣ್ಣಿನ ಹೆಣ್ಣುಗೊಂಬೆ ಸಿಕ್ಕಿತು. ಮಜಪಹಿತ್ ಅರಸರ ಕಾಲದ್ದು. ತುರುಬು ಇತ್ತು, ಮೂಗು ಇರಲಿಲ್ಲ. ಅವಳು ಪ್ರಾಮಾಣಿಕವಾಗಿ ಅದನ್ನು ಕಚೇರಿಗೆ ಒಪ್ಪಿಸಿದಳು. ಆ ತಪ್ಪಿಗೆ ಗುಂಡಿಯ ಸುತ್ತ ಹಗ್ಗ ಬಿತ್ತು. ಮಳೆಗೆ ಎರಡೇ ತಿಂಗಳಿತ್ತು. ಅಷ್ಟರೊಳಗೆ ಇಟ್ಟಿಗೆ ಒಣಗಿಸಿ ಸುಡದಿದ್ದರೆ ಅವಳ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

ವಿಚಾರಣಾಧಿಕಾರಿ ದರ್ಮಾಜಿ ಗೊಂಬೆಯನ್ನೂ ಫೈಲನ್ನೂ ಹಿಡಿದು ಬಂದರು.

"ಇದು ಮಕ್ಕಳು ಆಡೋ ಗೊಂಬೆ ಅಲ್ವೇನಮ್ಮ?"

"ಹೌದು ಸ್ವಾಮಿ."

ಜಾವಾದ ಮರ್ಯಾದಸ್ಥರು ದೊಡ್ಡವರ ಮುಖಕ್ಕೆ 'ಇಲ್ಲ' ಅನ್ನುವುದಿಲ್ಲ. "ಹೊಟ್ಟೆ ತುಂಬ್ತಾ?" ಎಂದು ಅತ್ತೆ ಕೇಳಿದಾಗೆಲ್ಲ ಕಸಿಯಾತಿ ಇಪ್ಪತ್ತು ವರ್ಷ ಹಸಿದುಕೊಂಡೇ "ಹೌದು" ಅಂದವಳು. ಮರುದಿನ ಬಂದ ಅಧಿಕಾರಿ, ಪೂಜೆಗೆ ಇಟ್ಟದ್ದಲ್ಲವೇ ಎಂದರು. ಹೌದು. ಮೂರನೆಯವರು, ಮಾಡಿನ ಮೂಲೆಯ ಅಲಂಕಾರವೇ ಎಂದರು. ಅದೂ ಹೌದು. ಬಸುರಿಯರ ಹರಕೆ, ಗದ್ದೆಯ ಬೆದರುಬೊಂಬೆ, ರಾಣಿಯ ಬೆನ್ನು ತುರಿಸುವ ಸಾಧನ, ಎಲ್ಲವೂ ಹೌದು. ಹನ್ನೊಂದು ಉಪಯೋಗಗಳ ಮುಂದೂ 'ಸ್ಥಳೀಯ ಸಾಕ್ಷಿ ದೃಢಪಡಿಸಿರುತ್ತಾರೆ' ಎಂಬ ಮುದ್ರೆ ಬಿತ್ತು. ಆಗ ಹನ್ನೆರಡನೇ ನಿಯಮ ಎದ್ದು ಕೂತಿತು: ಒಂದಕ್ಕಿಂತ ಹೆಚ್ಚು ಉಪಯೋಗವುಳ್ಳ ವಸ್ತುವಿನ ಉಪಯೋಗ ತೀರ್ಮಾನವಾಗಿಲ್ಲವೆಂದೇ ಭಾವಿಸತಕ್ಕದ್ದು.

"ಒಂದ್ಸಲ ಇಲ್ಲ ಅಂದ್ರೆ ನಾಲಿಗೆ ಬಿದ್ದೋಗತ್ತೇನೇ ನಿಂಗೆ?" ಪಕ್ಕದ ಮನೆಯ ತುಕಿನೆಮ್ ರೇಗಿದಳು.

"ನೀನೇ ಹೇಳು, ನೋಡೋಣ."

ಅಷ್ಟರಲ್ಲಿ ದರ್ಮಾಜಿ ಆ ಕಡೆಯೇ ಬಂದರು. "ಹಗ್ಗದಿಂದ ನಿಮಗೇನೂ ತೊಂದ್ರೆ ಇಲ್ಲ ತಾನೆ?"

"ಹೌದು ಸ್ವಾಮಿ, ಏನೇನೂ ಇಲ್ಲ," ಅಂದಳು ತುಕಿನೆಮ್, ತಲೆ ತಗ್ಗಿಸಿ.

ಮೋಡ ಕಟ್ಟತೊಡಗಿದ ಒಂದು ಬೆಳಿಗ್ಗೆ ಕಚೇರಿಯ ನಿರ್ದೇಶಕ ಹಾದಿಕುಸುಮೊ ಅವರೇ ಸುರಬಾಯದಿಂದ ದಯಮಾಡಿಸಿದರು. ಹಿಂದೆಯೇ ದರ್ಮಾಜಿ ಗೊಂಬೆ, ಫೈಲು ಹೊತ್ತು ಬಂದರು. ಕಸಿಯಾತಿ ಬೇಯಿಸಿದ ಮರಗೆಣಸಿಗೆ ತೆಂಗಿನತುರಿ ಉದುರಿಸಿ ಕೊಟ್ಟಳು. ಅವರು ಬಾಯಿ ತುಂಬಿಕೊಂಡರು. ಗಾಳಿಗೆ ಫೈಲಿನ ಹಾಳೆಗಳು ಪಟಪಟ ಅಂದವು. ಕಸಿಯಾತಿ ಗೊಂಬೆಯನ್ನೆತ್ತಿ ಹಾಳೆಗಳ ಮೇಲಿಟ್ಟಳು.

"ಸ್ವಾಮಿ, ಇದು ಪೇಪರ್‌ವೇಟು ಅಲ್ವಾ?"

ನಿರ್ದೇಶಕರೂ ಜಾವಾದವರೇ. ಉಣಬಡಿಸಿದವರ ಮುಖಕ್ಕೆ ಇಲ್ಲ ಅನ್ನುವುದು ಹೇಗೆ?

"ಹೌದಮ್ಮ," ಅಂದರು, ಗೆಣಸು ನುಂಗುತ್ತ.

ದರ್ಮಾಜಿ ಬರೆದುಕೊಂಡರು. ನಿರ್ದೇಶಕರ ಹೌದಿಗೆ ಇಲ್ಲ ಅನ್ನುವ ಗಂಡೆದೆ ಕಚೇರಿಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಉಳಿದ ಹನ್ನೊಂದು ಉಪಯೋಗಗಳು ಅಂದೇ ರದ್ದಾದವು. ಸಂಜೆ ಹಗ್ಗ ಬಿಚ್ಚಿದರು. ಗೊಂಬೆ ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಕೆಳಗಿನ ಫಲಕ ಹೀಗಿದೆ: 'ಮಜಪಹಿತ್ ಅರಮನೆಯ ಪೇಪರ್‌ವೇಟ್. ಆಗ ತಾಳೆಗರಿಯ ಮೇಲೆ ಬರೆಯುತ್ತಿದ್ದರೆಂಬ ಆಕ್ಷೇಪಣೆ ಪರಿಶೀಲನೆಯಲ್ಲಿದೆ.'

ಆಮೇಲೆ ತ್ರೊವುಲಾನಿನ ಇಟ್ಟಿಗೆಯವರಿಗೆ ಒಂದೇ ಒಂದು ಗೊಂಬೆಯೂ ಸಿಗಲಿಲ್ಲ. ನೆಲದಡಿಯ ಇತಿಹಾಸ ಸಂಪೂರ್ಣ ಮುಗಿದಿದೆ ಎಂದು ಕಚೇರಿ ಪ್ರಕಟಣೆ ಹೊರಡಿಸಿ, ಆ ಸಂತೋಷಕ್ಕೆ ಹೊಸ ಕಾಂಪೌಂಡ್ ಕಟ್ಟಿಸಿತು. ಇಟ್ಟಿಗೆ ಕಸಿಯಾತಿಯದು. ಅವಳೊಂದಿಗೆ ಗೋಡೆ ನೋಡಲು ಬಂದ ದರ್ಮಾಜಿ ಒಂದು ಇಟ್ಟಿಗೆಯ ಮುಂದೆ ಬಗ್ಗಿ ನಿಂತರು. ಅದರಿಂದ ಓಲೆ ತೊಟ್ಟ ಪುಟ್ಟ ಕಿವಿಯೊಂದು ಹೊರಗೆ ಇಣುಕುತ್ತಿತ್ತು.

ಅವರು ಅದನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಕೇಳಿದರು:

"ಇದು ಬರೀ ಕಲ್ಲು ತಾನೇ ಕಸಿಯಾತಮ್ಮ?"

"ಹೌದು ಸ್ವಾಮಿ."