ಬಾವಿಕಟ್ಟೆ ಎರ್ರೆಪ್ಪನ ಹಲ್ಲು

ಬಾವಿಕಟ್ಟೆ ಎರ್ರೆಪ್ಪ ತನ್ನ ಹೊಸ ಹಲ್ಲುಸೆಟ್ಟನ್ನು ಬಾಯಲ್ಲಿ ಇಟ್ಟುಕೊಂಡೇ ಊರಿಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಒಸಡಿಗೆ ಒತ್ತುತ್ತದೆ ಎಂದು ತೆಗೆದು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬಟ್ಟೆ ಅಂಗಡಿಯವರು ಕೊಟ್ಟಿದ್ದ ಹಳದಿ ಚೀಲಕ್ಕೆ ಹಾಕಿದ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಪಕ್ಕಕ್ಕೆ ಕೂತವನದೂ ಅಂಥದೇ ಚೀಲ. ಇಟ್ಟಿಗಿಯ ಪಕ್ಕೀರಪ್ಪನಂತೆ. ಇಬ್ಬರೂ ಹೆಸರು, ಊರು, ಮಳೆ, ಮಂಡಿನೋವು ಎಲ್ಲ ಮಾತಾಡಿದರು. ಕೂಡ್ಲಿಗಿ ಬಸ್ಸು ಬಂತು. ಎರ್ರೆಪ್ಪ ಚೀಲ ಹಿಡಿದು ಓಡಿದ. ಮನೆಯಲ್ಲಿ ತೆರೆದರೆ ಒಳಗೆ ಎರಡು ಕಿಲೋ ಹುರಿದ ಶೇಂಗಾ.

ಮರುದಿನ ಸಂಜೆ ಅದೇ ಊರಿನ ಪಾಲಾಕ್ಷನ ಮಗನ ಜವಳದ ಬಾಡೂಟ. ಮೂರು ವರ್ಷ ಬರೀ ಸಾರು ಕುಡಿದಿದ್ದ ಎರ್ರೆಪ್ಪ, ಈ ಸಲ ಎಲುಬು ಕಡಿದು ತೋರಿಸುತ್ತೇನೆಂದು ತಿಂಗಳಿಂದ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

"ಫೋನ್ ನಂಬರ್ ಇಸ್ಕಂಡಿಲ್ಲೇನು?" ಎಂದಳು ಹೆಂಡತಿ ಗಾದೆಮ್ಮ.

"ನಂಬರ್ ಯಾಕ ಬೇಕು? ಪಕ್ಕೀರಪ್ಪ ಅನ್ನೋ ಹೆಸ್ರು ನನ್ನ ಜನ್ಮದಾಗ ಇವತ್ತ ಕೇಳಿದ್ದು. ಇಟ್ಟಿಗ್ಯಾಗ ಇಳಿದು ಕೇಳಿದ್ರ ಸಾಕು, ಮನಿ ತೋರಿಸ್ತಾರ."

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ನಡುವೆ ಬಸ್ಸು ಬದಲಿಸಿ, ಹನ್ನೊಂದಕ್ಕೆ ಇಟ್ಟಿಗಿಯಲ್ಲಿ ಇಳಿದ. ನಾಗಲಿಂಗಮ್ಮನ ಚಹಾದಂಗಡಿಯಲ್ಲಿ ಪಕ್ಕೀರಪ್ಪನ ಮನೆ ಕೇಳಿದ. ಬೆಂಚಿನ ಮೇಲಿದ್ದ ಮೂವರು ಒಟ್ಟಿಗೇ ತಲೆ ಎತ್ತಿದರು.

"ಯಾವ ಪಕ್ಕೀರಪ್ಪರಿ?" ಎಂದಳು ನಾಗಲಿಂಗಮ್ಮ. "ನಮ್ಮ ಓಣ್ಯಾಗ ಒಂಬತ್ತು ಮಂದಿ ಅದಾರ, ನಮ್ಮನಿಯವ್ರನ್ನ ಬಿಟ್ಟು."

ಗುರುತು ಹೇಳು ಎಂದರು. ಬಿಳಿ ಪಂಚೆ, ಮಂಡಿನೋವು ಎಂದ. ಅದು ಊರಿನ ಅರ್ಧ ಗಂಡಸರ ಗುರುತು. ಎರ್ರೆಪ್ಪ ಬಿಸಿಲಲ್ಲಿ ಮನೆಮನೆ ತಿರುಗಿದ. ಒಬ್ಬ ಪಕ್ಕೀರಪ್ಪ, ಹಲ್ಲಿನ ವಿಷಯ ಎಂದಕೂಡಲೇ ಎತ್ತು ಕೊಳ್ಳಲು ಬಂದವನೆಂದು ತಿಳಿದು, ಎತ್ತಿನ ಬಾಯಿ ತೆರೆದು ಒಂದೊಂದೇ ಹಲ್ಲು ತೋರಿಸಿದ. ಇನ್ನೊಬ್ಬ ಪಕ್ಕೀರಪ್ಪ ತೊಟ್ಟಿಲಲ್ಲಿದ್ದ. ಅವನಿಗೂ ಹಲ್ಲಿರಲಿಲ್ಲ. ಎರ್ರೆಪ್ಪನನ್ನು ನೋಡಿ, ತನ್ನ ಜೊತೆಗಾರ ಸಿಕ್ಕ ಎಂಬಂತೆ ನಕ್ಕ.

ಏಳನೆಯ ಮನೆಯಲ್ಲಿ ಜಂಬಕ್ಕ ಎಂಬಾಕೆ ಹಳದಿ ಚೀಲ ನೋಡಿ ಎದ್ದು ನಿಂತಳು.

"ನೀವ ಏನ್ರಿ ಹಲ್ಲಿನ ಎರ್ರೆಪ್ಪ? ನಮ್ಮನಿಯವ್ರು ನಿಮ್ಮ ಹಲ್ಲು ತಗಂಡು ನಸುಕಿನಾಗ ನಿಮ್ಮೂರಿಗೇ ಹೋಗ್ಯಾರ. ಫೋನು ಇಲ್ಲೇ ಬಿಟ್ಟಾರ. ಎರ್ರೆಪ್ಪ ಅಂದ್ರ ಆ ಊರಿಗೊಬ್ಬನ ಇರ್ತಾನ, ಅಂಥ ಹೆಸ್ರು ಮತ್ಯಾರು ಇಟ್ಕಂತಾರ ಅಂದ್ರು."

ಎರ್ರೆಪ್ಪ ಕಟ್ಟೆಯ ಮೇಲೆ ಕೂತು ತನ್ನೂರಿನ ಎರ್ರೆಪ್ಪಗಳನ್ನು ಎಣಿಸಿದ. ಎರಡೂ ಕೈಯ ಬೆರಳು ಮುಗಿದವು. ಗಾದೆಮ್ಮನಿಗೆ ಫೋನು ಮಾಡಿದ. ಪಾಲಾಕ್ಷನ ಮನೆಯಲ್ಲಿ ಮಸಾಲೆ ಅರೆಯುತ್ತಿದ್ದವಳಿಗೆ ಅದು ಕೇಳಿಸಲಿಲ್ಲ. ಶೇಂಗಾ ಕೊಡಹೋದರೆ ಜಂಬಕ್ಕ ಮುಟ್ಟಲಿಲ್ಲ. ಇಷ್ಟು ದೂರ ಬಂದಿದ್ದೀರಿ, ದಾರಿಯಲ್ಲಿ ತಿನ್ನಿ ಎಂದಳು.

ಊರು ಮುಟ್ಟಿದಾಗ ಪಾಲಾಕ್ಷನ ಮನೆ ಮುಂದೆ ಪಂಕ್ತಿ ಕೂತಿತ್ತು. ನಡುವೆ ಗುಡಿಹಿಂದಿನ ಎರ್ರೆಪ್ಪ. ಐದು ವರ್ಷದಿಂದ ಬೊಚ್ಚುಬಾಯಿಯವನು, ಎಲುಬು ಕಡಿಯುವ ಸದ್ದು ರಸ್ತೆಗೆ ಕೇಳುತ್ತಿತ್ತು.

"ಅವು ನನ್ನ ಹಲ್ಲಲೇ."

"ಎರ್ರೆಪ್ಪನ ಹಲ್ಲು ತಗಳ್ರಿ ಅಂತ ಆ ಇಟ್ಟಿಗಿಯಂವ ಕೊಟ್ಟ. ನಾನು ಎರ್ರೆಪ್ಪ. ಬಾಯಾಗ ಹಲ್ಲಿಲ್ಲ. ಇನ್ನೇನು ಕೇಳ್ಬೇಕಿತ್ತಲೇ?" ಎಂದು ಅವನು ದವಡೆ ಸರಿಮಾಡಿಕೊಂಡ. "ಮ್ಯಾಲಿಂದು ಒಂಚೂರು ಸಡ್ಲ ಐತಿ. ಉಂಡು ತೊಳದು ಕೊಡ್ತೀನಿ, ಕುಂದ್ರು. ಸಾರು ಚಲೋ ಆಗೇತಿ."

ಎರ್ರೆಪ್ಪ ಕೂತ. ಮುಂದೆ ಸಾರಿನ ಬಟ್ಟಲು ಬಂತು. ಅಷ್ಟರಲ್ಲಿ ಗುಡಿಹಿಂದಿನವನ ಕಣ್ಣು ಹಳದಿ ಚೀಲದ ಮೇಲೆ ಬಿತ್ತು.

"ಅದರಾಗೇನೈತಿ, ಶೇಂಗಾನ? ಇತ್ತ ತಾ. ನೀನೇನು ಮಾಡ್ತಿ ತಗಂಡು?"