ಬಿಳಿ ಟಿಪ್, ಎರಡು ಗ್ಲಾಸು ಚಾ

ಲೇತ್ ಮಷಿನ್ ಮುಂದೆ ಹೆಂಗಸೊಬ್ಬಳು ನಿಂತರೆ ಅಲ್ಲಿ ದಿನಕ್ಕೊಂದು ತಮಾಷೆ ಆಗಿಯೇ ಆಗುತ್ತದೆ. ಅದಕ್ಕೆ ನಾನು ಹೊಣೆಯಲ್ಲ. ಈ ಮೊದಲು ಏನೂ ಬರೆದವಳಲ್ಲ, ಹಾಗಾಗಿ ಮೊದಲೇ ಬಿಡಿಸಿ ಹೇಳುತ್ತೇನೆ. ಲೇತ್ ಅಂದರೆ ಕಬ್ಬಿಣವನ್ನು ತಿರುಗಿಸಿ ಕೆತ್ತುವ ಯಂತ್ರ. ತಿರುಗುವುದು ಕಬ್ಬಿಣ, ಕೆತ್ತುವ ಟೂಲ್ ಅಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ನಮ್ಮ ಅತ್ತೆ ಇವತ್ತಿಗೂ ಉಲ್ಟಾ ತಿಳಿದಿದ್ದಾರೆ.

ಕಾಲುವೆ ಕೆಲಸ ಜೋರಾಗಿದ್ದ ಕಾಲ. ನಾನು ಐಟಿಐ ಮುಗಿಸಿ ಶಹಾಪುರದ ಒಂದು ಲೇತ್ ಅಂಗಡಿಗೆ ಸೇರಿದ್ದೆ. ಮಾಲೀಕರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು.

೧. ಅಪ್ಪ

ಉಸ್ತಾದರು ಕಬ್ಬಿಣ ತರಲು ಯಾದಗಿರಿಗೆ ಹೋಗಿದ್ದ ದಿನ ರಾಮಸಮುದ್ರದ ರೈತರೊಬ್ಬರು ಪಂಪಿನ ಶಾಫ್ಟ್ ಹೊತ್ತು ಬಂದರು.

"ತಂಗಿ, ಮಿಸ್ತ್ರಿನ್ನ ಕರಿ. ಬರೋವಾಗ ಒಂದು ಚಾ ತಗೊಂಬಾ."

"ಮಿಸ್ತ್ರಿ ನಾನ ಅದೀನ್ರಿ."

ಅವರು ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. "ಆತು, ನಿಮ್ಮಪ್ಪ ಬರೋತನ ಕೂಡ್ತೀನಿ" ಅಂದು ಕೂತರು. ಚಾ ನಾನು ತರಲಿಲ್ಲ. ಅವರ ಕಣ್ಣೆದುರೇ ಶಾಫ್ಟ್ ಕೆತ್ತಿ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು.

"ಭಾಳ ಚಲೋ ಆಗ್ಯಾದ. ನಿಮ್ಮಪ್ಪಗ ಹೇಳು."

೨. ಒರೆಗಲ್ಲು

ಹೈದರಾಬಾದಿನಿಂದ ನಾನೊಂದು ಟಿಪ್ ತರಿಸಿದ್ದೆ. ಟಿಪ್ ಅಂದರೆ ಟೂಲಿನ ತುದಿಗೆ ಕೂಡಿಸುವ ಸಣ್ಣ ಬಿಲ್ಲೆ, ಕೆತ್ತುವುದು ಅದೇ. ಇದರ ಮೇಲೆ ಕೂದಲಿಗಿಂತ ತೆಳುವಾದ, ಕಲ್ಲಿಗಿಂತ ಗಟ್ಟಿಯಾದ ಹಳದಿ ಲೇಪ ಇತ್ತು. ಬಣ್ಣ ಥೇಟ್ ಬಂಗಾರದ್ದು. ಬಂಗಾರ ಒಂದು ಗುಂಜಿಯೂ ಇಲ್ಲ.

ಬಂಗಾರದ ತಗಡು ಎಳೆಯುವ ರೋಲರ್ ರಿಪೇರಿಗೆ ಬಂದಿದ್ದ ರಂಗಂಪೇಟೆಯ ಅಕ್ಕಸಾಲಿ ಪತ್ತಾರರು ಅದನ್ನು ಕೈಗೆತ್ತಿಕೊಂಡರು.

"ಅದು ಬಂಗಾರ ಅಲ್ರಿ ಮಾಮಾ" ಅಂದೆ.

"ಬಂಗಾರ ಯಾವುದಂತ ನನಗ ಹೇಳಿಕೊಡ್ತೀಯೇನವಾ?"

ಕಿಸೆಯಿಂದ ಒರೆಗಲ್ಲು ತೆಗೆದು ಜೋರಾಗಿ ಉಜ್ಜಿದರು. ಕಲ್ಲಿನ ಮೇಲೆ ಹಳದಿ ಗೆರೆ ಮೂಡಬೇಕಿತ್ತು. ಮೂಡಿದ್ದು ಉಗುರು ಸಿಕ್ಕುವಂಥ ಗೀರು. ಪತ್ತಾರರು ಗೀರಿಗೆ ಎಂಜಲು ಹಚ್ಚಿ ಉಜ್ಜಿದರು, ಹೋಗಲಿಲ್ಲ.

"ನಮ್ಮ ಅಜ್ಜನ ಕಲ್ಲಿದು. ಇಷ್ಟ ದಿನ ಇದು ಪರೀಕ್ಷಾ ಮಾಡ್ತಿತ್ತು. ಇವತ್ತು ಇದೇ ಪರೀಕ್ಷಾದಾಗ ಫೇಲ್ ಆತು."

೩. ಕೈ

ಅದೇ ಹೈದರಾಬಾದಿನಿಂದ ಆಮೇಲೆ ಎರಡು ಬಿಳಿ ಟಿಪ್ ಬಂದವು. ಇವು ಸಿರಾಮಿಕ್, ಅಂದರೆ ಪಿಂಗಾಣಿಯ ಜಾತಿ. ಕೆಂಪಗೆ ಕಾದ ಉಕ್ಕನ್ನೂ ಕೆತ್ತುತ್ತವೆ. ಬಿಸಿ ಎಷ್ಟಾದರೂ ತಡೆಯುತ್ತವೆ, ಆದರೆ ಬಿಸಿಯಾಗಿದ್ದಾಗ ನೀರು ಬಿದ್ದರೆ ಕಂದೀಲಿನ ಗಾಜಿನಂತೆ ಸೀಳುತ್ತವೆ.

"ಬೇಟಿ, ಒಡದ ಕಪ್-ಬಶಿ ಚೂರು ತಂದು ಉಕ್ಕು ಕೊಯ್ತೀಯಾ?" ಅಂದರು ಉಸ್ತಾದ್.

"ಕೊಯ್ತೀನ್ರಿ. ನೀರೊಂದು ಹಾಕಬ್ಯಾಡ್ರಿ."

ಕಬ್ಬಿಣ ಕಾದರೆ ಪಕ್ಕದ ಡಬ್ಬಿಯಿಂದ ಎಣ್ಣೆ ಬೆರೆಸಿದ ನೀರನ್ನು ಮಗ್ಗಿನಲ್ಲಿ ಮೊಗೆದು ಸುರಿಯುವುದು ಅವರ ಮೂವತ್ತು ವರ್ಷದ ರೂಢಿ. ನಾನು ಮಷಿನ್ ಓಡಿಸಿದೆ. ಕಿಡಿ ಹಾರಿತು. ಮಗ್ಗು ಬಂತು. ಟಿಪ್ 'ಟಿಕ್' ಅಂದು ಎರಡಾಯಿತು.

"ನೋಡು, ಬಶಿ ಬಶಿನೇ."

"ನೀರು ಯಾರು ಹಾಕಿದ್ರಿ?"

ಉಸ್ತಾದ್ ತಮ್ಮ ಕೈ ನೋಡಿಕೊಂಡರು. "ನಾ ಹಾಕಿಲ್ಲ. ಕೈ ಹಾಕ್ಯಾದ."

ಆಮೇಲೆ ಗಂಭೀರವಾಗಿ ಅಂದರು: "ಇನ್ನೊಂದೂ ಒಡೀತಂದ್ರ ನೀ ಮಷಿನ್ ಬಿಡಬೇಕು. ಬಾಗಲದಾಗ ಕುಂತು ಬಂದವರ ಹೆಸರು ಬರಿ."

"ಒಡೀಲಿಲ್ಲಂದ್ರ?"

"ಮಷಿನ್ ನಿಂದು."

ಆಗಲಿ ಅಂದೆ. ಹೆಸರು ಬರೆಯಲು ನಾನು ಐಟಿಐ ಕಲಿತಿರಲಿಲ್ಲ.

೪. ಚಾ

ವಾರದೊಳಗೆ ಕಾಲುವೆ ತೋಡುವ ಮಷಿನ್ನಿನ ಡ್ರೈವರ್ ಅದರ ತೋಳಿಗೆ ಕೂಡಿಸುವ ಮೊಳದುದ್ದದ ಪಿನ್ ತಂದ. ಕಾಯಿಸಿ ಅದ್ದಿ ಗಟ್ಟಿ ಮಾಡಿದ ಉಕ್ಕು. ಕೂದಲೆಳೆಯಷ್ಟು ದಪ್ಪ ಹೆಚ್ಚಾಗಿ ತೂತಿಗೆ ಇಳಿಯುತ್ತಿರಲಿಲ್ಲ. ಎರಡು ಅಂಗಡಿಯವರು ಟೂಲಿನ ಮೊನೆ ಸವೆಸಿಕೊಂಡು, ಆಗಲ್ಲ ಅಂದಿದ್ದರು.

ನಾನು ಕೊನೆಯ ಬಿಳಿ ಟಿಪ್ ಕೂಡಿಸಿದೆ. ಆಮೇಲೆ ಎದುರಿನ ಹೋಟೆಲಿನಿಂದ ಎರಡು ಚಾ ತರಿಸಿದೆ, ಅಂಚಿನ ತನಕ ತುಂಬಿ. ಉಸ್ತಾದರ ಎರಡೂ ಕೈಗೆ ಒಂದೊಂದು ಕೊಟ್ಟೆ.

"ಒಂದು ನಿಮ್ದು, ಒಂದು ನಂದು. ಕೆಳಗ ಇಡಬ್ಯಾಡ್ರಿ, ಕಬ್ಬಿಣದ ಪುಡಿ ಬೀಳ್ತದ."

ಮಷಿನ್ ಜೋರಾಗಿ ತಿರುಗಿತು. ಉಕ್ಕಿನ ಸುರುಳಿ ಕೆಂಪಗೆ ಹಾರತೊಡಗಿತು. ಉಸ್ತಾದರ ಬಲಗೈ ಮಗ್ಗಿನ ಕಡೆ ಎಳೆಯಿತು. ಬಿಸಿ ಚಾ ಬೆರಳ ಮೇಲೆ ಚೆಲ್ಲಿತು. ಎಡಗೈ ಎಳೆಯಿತು, ಅದೂ ಚೆಲ್ಲಿತು.

"ನೀರು, ಬೇಟಿ, ನೀರು" ಅಂದರು.

"ಚಾ ನೋಡ್ಕೋರಿ" ಅಂದೆ.

"ಏ ಡ್ರೈವರ್, ನೀನರ ಹಾಕೋ."

"ಆಕಿ ಬ್ಯಾಡ ಅಂದಾಳಲ್ರಿ" ಅಂದ ಅವನು, ನಾಲ್ಕು ಹೆಜ್ಜೆ ಹಿಂದೆ ಸರಿದು.

ಮಷಿನ್ ನಿಲ್ಲಿಸಿದೆ. ಪಿನ್ ಕನ್ನಡಿಯಂತೆ ಹೊಳೆಯುತ್ತಿತ್ತು. ಟಿಪ್ ಇದ್ದ ಹಾಗೇ ಇತ್ತು. ಅಳೆದೆ, ಸರಿಯಾಗಿತ್ತು. ಡ್ರೈವರ್ ಪಿನ್ನನ್ನು ಮಗುವಿನಂತೆ ಎತ್ತಿಕೊಂಡು ಓಡಿದ. ಉಸ್ತಾದ್ ಎರಡೂ ಗ್ಲಾಸು ಹಿಡಿದು ನಿಂತೇ ಇದ್ದರು.

ಅಷ್ಟರಲ್ಲಿ ರಾಮಸಮುದ್ರದ ಆ ರೈತರು ಇನ್ನೊಂದು ಶಾಫ್ಟ್ ಹೊತ್ತು ಒಳಗೆ ಬಂದರು.

"ಮಿಸ್ತ್ರಿ ಬಂದಾನೇನು?"

ಉಸ್ತಾದ್ ನನ್ನನ್ನು ನೋಡಿದರು, ಮಷಿನ್ ನೋಡಿದರು, ಗದ್ದ ಎತ್ತಿ ನನ್ನ ಕಡೆ ತೋರಿಸಿದರು. "ಮಿಸ್ತ್ರಿ ಆಕಿ. ಮಷಿನ್ನೂ ಆಕೀದೇ."

ರೈತರು ಉಸ್ತಾದರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಬಲಗೈಯ ಗ್ಲಾಸು ತೆಗೆದುಕೊಂಡರು.

"ಹೋದ ಸಲ ಹೇಳಿದ ಚಾ ಈಗ ತಂದ್ಯೇನಪಾ? ಇಷ್ಟ ತಡ ಮಾಡಿದ್ರ ಚಾ ಆರ್ತದೋ ಇಲ್ಲೋ?"