ಗುಂಡಿಗೊಂದು ಒಪ್ಪಿಗೆ

ಮನೆ ಕಟ್ಟಿದವನು ಬಂದ ನೆಂಟರಿಗೆ ದೇವರಮನೆ ತೋರಿಸುತ್ತಾನೆ, ಅಡುಗೆಮನೆಯ ಕಡಪ ಕಲ್ಲು ತೋರಿಸುತ್ತಾನೆ, ಏದುಸಿರು ಬಿಡಿಸಿ ತಾರಸಿಗೆ ಹತ್ತಿಸಿ ನೀರಿನ ಟ್ಯಾಂಕನ್ನೂ ತೋರಿಸುತ್ತಾನೆ. ಕಕ್ಕಸ್ಸಿನ ಗುಂಡಿಯನ್ನು ಮಾತ್ರ ಯಾರೂ ತೋರಿಸುವುದಿಲ್ಲ. ಅದೊಂದು ಇದೆ ಎಂಬುದೇ ಯಾರಿಗೂ ನೆನಪಾಗಬಾರದು, ಅದೇ ಅದರ ದೊಡ್ಡಸ್ತಿಕೆ. ನನ್ನ ಮನೆಯ ಗುಂಡಿಯಾದರೋ ತೋಡುವ ಮೊದಲೇ ಊರಿಗೆಲ್ಲ ಗೊತ್ತಾಗಿಬಿಟ್ಟಿತು. ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ ಹರಿಯುತ್ತಾ, "ಏನ್ ಸಾ, ಗುಂಡಿ ಆಯ್ತಾ?" ಎಂದು ಎಲ್ಲರಿಗೂ ಕೇಳುವ ಹಾಗೆ ವಿಚಾರಿಸುತ್ತಿದ್ದ.

ನಾನು ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಕಾರ್ಖಾನೆಗಳು ಒಂದರ ಹಿಂದೊಂದು ಬಂದು ರಾಗಿ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲದಲ್ಲಿ, ಎಲ್ಲರಂತೆ ನಾನೂ ಬೈರಮಂಗಲದ ರಸ್ತೆಯಲ್ಲಿ ಒಂದು ಸೈಟು ಕೊಂಡು ಮನೆ ಎಬ್ಬಿಸಿದೆ. ಅಷ್ಟರಲ್ಲಿ ಮಗಳು ಬಸುರಿ ಎಂಬ ಸುದ್ದಿ ಬಂತು. ಮೊದಲ ಬಾಣಂತನ ತವರಲ್ಲೇ ಆಗಬೇಕಲ್ಲ. ನಾವಿದ್ದದ್ದು ರಾಮನಗರದ ಒಂದು ವಠಾರದಲ್ಲಿ. ಎಲ್ಲ ಮನೆಗಳಿಗೂ ಸೇರಿ ಹಿತ್ತಲಲ್ಲಿ ಒಂದೇ ಕಕ್ಕಸ್ಸು. "ತುಂಬಿದ ಬಸುರಿನ ಮಗಳನ್ನ ಚೊಂಬು ಕೊಟ್ಟು ಕ್ಯೂನಲ್ಲಿ ನಿಲ್ಲಿಸ್ತೀರೇನ್ರೀ?" ಎಂದು ಹೆಂಡತಿ ಸರೋಜ ಕೇಳಿದಳು. ಮಗಳು ಬರುವುದರೊಳಗೆ ಹೊಸ ಮನೆಗೆ ಹೋಗಲೇಬೇಕು ಎಂದು ತೀರ್ಮಾನವಾಯಿತು. ಮನೆಯಲ್ಲಿ ಎಲ್ಲವೂ ಮುಗಿದಿತ್ತು, ಗುಂಡಿಯೊಂದು ಬಿಟ್ಟು.

ಗುಂಡಿ ತೋಡಿಸಲು ಆಳು ಹುಡುಕುತ್ತಿದ್ದವನನ್ನು ಪಂಚಾಯ್ತಿ ಸೆಕ್ರೆಟರಿ ಕರೆಸಿ, "ಈಗ ಮುಂಚಿನ್ ಹಂಗಲ್ಲ ಸಾರ್. ಅರ್ಜಿ ಕೊಡಿ, ನಕ್ಷೆ ಕೊಡಿ, ಪಕ್ಕದೋರ ಒಪ್ಪಿಗೆ ಬರೆಸ್ಕಂಡ್ ಬನ್ನಿ" ಎಂದರು. ನನಗೆ ರೇಗಿತು. ಎಲ್ಲೆಲ್ಲಿಯದೋ ಕೊಳಕೆಲ್ಲ ಹೇಳದೆ ಕೇಳದೆ ಹರಿದು ಬಂದು ಬೈರಮಂಗಲದ ಕೆರೆಯಲ್ಲಿ ಆಳುದ್ದ ನೊರೆ ಏಳುತ್ತಿದೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಇಬ್ಬರು ಮುದುಕರು, ಒಬ್ಬಳು ಬಸುರಿಯ ಪಾಲಿನದಕ್ಕೆ ಸಹಿ ಬೇಕಂತೆ! ಇದನ್ನೆಲ್ಲ ಸೆಕ್ರೆಟರಿಯ ಎದುರು ಗಟ್ಟಿಯಾಗಿ ಹೇಳಿದೆ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ನಾನು ಹೇಳಿದ್ದು, "ಆಗಲಿ ಸಾರ್."

ಪಕ್ಕದವರಿಂದ ದೂರದ ಮೂಲೆಯಲ್ಲಿ ತೋಡಿ ಅವರ ಹಂಗೇ ಇಲ್ಲದಂತೆ ಮಾಡಬಹುದೇ ಎಂದೂ ನೋಡಿದೆ. ಈಶಾನ್ಯದಲ್ಲಿ ಬೋರ್‌ವೆಲ್. ಮುಂದುಗಡೆ ಗುದ್ದಲಿ ಹಾಕಿದರೆ ಠಣ್ ಎಂದು ಬಂಡೆ. ನಮ್ಮ ಸೀಮೆಯಲ್ಲಿ ಮಣ್ಣೆಂಬುದು ಬಂಡೆಯ ಮೇಲೆ ಹೊದಿಸಿದ ದುಪ್ಪಟಿ, ಅಷ್ಟೆ. ಉಳಿದದ್ದು ವಾಯವ್ಯ. ವಾಸ್ತು ಬಲ್ಲ ನನ್ನ ಭಾಮೈದನೂ ಅದೇ ಶ್ರೇಷ್ಠ ಎಂದ. ಆ ಶ್ರೇಷ್ಠ ಮೂಲೆಗೆ ಅಂಟಿಕೊಂಡೇ ಪಕ್ಕದ ಸಿದ್ದಣ್ಣನ ಹುಳದ ಮನೆ, ಅಂದರೆ ಆತ ರೇಷ್ಮೆ ಹುಳು ಸಾಕುವ ಮನೆ.

ಒಂದು ಬೆಳಿಗ್ಗೆ ಧೈರ್ಯಕ್ಕೆಂದು ಎರಡು ಚಿಟಿಕೆ ನಶ್ಯ ಏರಿಸಿ ಹೋದೆ. ಹೊಸಿಲು ದಾಟುವ ಮೊದಲೇ ಸಿದ್ದಣ್ಣ ಎರಡೂ ಕೈ ಅಡ್ಡ ಚಾಚಿದ. "ಅಲ್ಲೇ ನಿಂತ್ಕಳಿ ಸಾ! ನಶ್ಯದ ಗಾಳಿ ತಾಕುದ್ರೆ ಹುಳ ಹಸುರು ಕಕ್ಬುಟ್ಟು ಸಾಯ್ತವೆ. ಮೂರನೇ ಜ್ವರಕ್ಕೆ ಕುಂತವೆ ಈಗ." ಹುಳು ಮೇಯುವುದನ್ನು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಅದು ಮುಗಿದರೆ ಜ್ವರ ಎದ್ದವು ಎನ್ನುತ್ತಾರೆ; ಗೂಡು ಕಟ್ಟುವ ಮೊದಲು ಇಂಥವು ನಾಲ್ಕು. ಅಂಥ ಹೊತ್ತಿನಲ್ಲಿ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಮನೆಯವರೂ ಕಾಲು ತೊಳೆಯದೆ ಒಳಗೆ ಹೋಗುವುದಿಲ್ಲ. ನಾನು ಬೀದಿಯಲ್ಲೇ ನಿಂತು ಗುಂಡಿಯ ವಿಷಯ ಹೇಳಿದೆ. ಸಿದ್ದಣ್ಣನ ಮುಖ ಸಣ್ಣದಾಯಿತು. "ಅಲ್ಲಾ ಸಾ, ಆ ವಾಸ್ನೆಗೆ ಹುಳದ ಮೈಮ್ಯಾಲೆ ಮೊಟ್ಟೆ ಇಕ್ಕಿ ಸಾಯ್ಸೋ ಊಜಿ ನೊಣ ಬಂದ್ರೆ ನನ್ ಬೆಳೆ ಏನಾಗ್ಬೇಕು? ಈಗ ಏನೂ ಮಾತಾಡ್ಬ್ಯಾಡಿ. ಗೂಡು ಮಾರ್ಕೆಟ್ಗೆ ಹೋಗ್ಲಿ, ಆಮ್ಯಾಕೆ ನೋಡವಾ."

ಅಂದಿನಿಂದ ಪರರ ಹುಳುಗಳ ಯೋಗಕ್ಷೇಮ ನನ್ನ ತಲೆಗೆ ಬಿತ್ತು. ಡ್ಯೂಟಿಗೆ ಹೋಗುವಾಗ ಹೊಸ ಮನೆಯ ಹತ್ತಿರ ಬಸ್ಸಿಳಿದು, ಕಾಂಪೌಂಡಿನಾಚೆ ನಿಂತು, "ಸಿದ್ದಣ್ಣ, ಜ್ವರ ಎದ್ವಾ?" ಎನ್ನುತ್ತಿದ್ದೆ. ಮಗಳು ಫೋನ್ ಮಾಡಿ ಕಾಲು ಊದಿಕೊಂಡಿದೆ ಎಂದು ಅತ್ತ ದಿನ ನನ್ನ ಬಾಯಿಂದ, "ನಾಲ್ಕನೇ ಜ್ವರ ಮುಗೀಲಿ ತಾಯಿ, ಆಮೇಲೆ ಎಲ್ಲಾ ಸರಿಹೋಗುತ್ತೆ" ಎಂದು ಬಂತು. ಸರೋಜ ಫೋನ್ ಕಿತ್ತುಕೊಂಡಳು. ಮಗಳು, ನಾನು ಇಬ್ಬರಲ್ಲಿ ಯಾರ ಬಗ್ಗೆ ಹೆದರಿದಳೋ ತಿಳಿಯದು. ನನಗಂತೂ ಆ ರಾತ್ರಿ ನಿಜವಾಗಿ ಹೆದರಿಕೆಯಾಯಿತು. ಮಗು ಸಿದ್ದಣ್ಣನ ಹುಳುಗಳಿಗಾಗಿ ಕಾಯುತ್ತದೆಯೇ?

ಜ್ವರ ಎದ್ದ ಹುಳುಗಳು ರಾಕ್ಷಸರಂತೆ ಸೊಪ್ಪು ಮೇಯತೊಡಗಿದವು. ಸಿದ್ದಣ್ಣನ ಆಳು ಸಮಯ ನೋಡಿ ಕೈಕೊಟ್ಟ, ಕಾರ್ಖಾನೆಯ ಗಾರ್ಡ್ ಕೆಲಸಕ್ಕೆ ಸೇರಿಕೊಂಡನಂತೆ. ಸೊಪ್ಪು ಕಮ್ಮಿಯಾದರೆ ಹುಳು ತಡ, ಹುಳು ತಡವಾದರೆ ಸಹಿ ತಡ. ಭಾನುವಾರ ಲುಂಗಿ ಎತ್ತಿ ಕಟ್ಟಿ ನಾನೇ ಹಿಪ್ಪುನೇರಳೆ ತೋಟಕ್ಕಿಳಿದೆ. ನಶ್ಯ ಬಿಟ್ಟೆ. ಮೂವತ್ತು ವರ್ಷ ಸರೋಜ ಬೈದರೂ ಬಿಡದ ನಶ್ಯವನ್ನು ಹುಳುಗಳಿಗಾಗಿ ಬಿಟ್ಟದ್ದನ್ನು ಅವಳು ಇಂದಿಗೂ ಕ್ಷಮಿಸಿಲ್ಲ. ಸಂಜೆ ಸೊಪ್ಪಿನ ಹೊರೆ ಹೊತ್ತು ಬಂದ ನನ್ನನ್ನು ನೋಡಿ ಸಿದ್ದಣ್ಣ, "ಕಾಲ್ ತೊಳ್ಕಂಡು ಬನ್ನಿ ಸಾ, ಒಸಿ ನೋಡೋರಂತೆ" ಎಂದು ಒಳಗೆ ಕರೆದ. ತಟ್ಟೆಗಳ ತುಂಬ ಹುಳುಗಳು ಮೇಯುವ ಸದ್ದು, ಸಣ್ಣಗೆ ಮಳೆ ಹಿಡಿದಂತೆ. ನನಗೆ ವಿನಾಕಾರಣ ಸಂತೋಷವಾಯಿತು.

ಹುಳು ಹಣ್ಣಾದವು, ಬಿದಿರ ತಟ್ಟಿಯ ಚಂದ್ರಿಕೆಗೆ ಹತ್ತಿದವು, ಅದರ ಸುತ್ತುಗಳಲ್ಲಿ ಗೂಡು ಕಟ್ಟಿದವು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಒಳ್ಳೆಯ ದರಕ್ಕೆ ಕೂಗಿಸಿಕೊಂಡ ದಿನವೇ ಸಿದ್ದಣ್ಣ ನಮ್ಮ ವಠಾರಕ್ಕೇ ಬಂದು, "ಮುಚ್ಚಳ ಮಾತ್ರ ಬಿಗಿಯಾಗ್ ಕೂರುಸ್ಬೇಕು, ಪೈಪಿನ್ ಬಾಯ್ಗೆ ಜಾಲರಿ ಕಟ್ಬೇಕು" ಎಂದು ಷರತ್ತು ಹಾಕಿ ಸಹಿ ಮಾಡಿದ. ಗುಂಡಿಯಾಯಿತು. ಮಗಳು ಬಂದಳು. ಮೊಮ್ಮಗಳು ಹುಟ್ಟಿದಳು.

ಈಗ ಮಗುವಿಗೆ ಒಂದು ತಿಂಗಳು ತುಂಬುತ್ತಿದೆ. ನಿನ್ನೆ ನಮ್ಮ ಇನ್ನೊಂದು ಪಕ್ಕದ ಸೈಟಿನವನು, ನನ್ನ ಹಾಗೆಯೇ ಕಾರ್ಖಾನೆಯವನು, ಕಾಗದ ಹಿಡಿದು ಬಾಗಿಲಿಗೆ ಬಂದ. ತನ್ನ ಮನೆಯ ಗುಂಡಿಗೆ ನನ್ನ ಒಪ್ಪಿಗೆ ಬೇಕಂತೆ. ಅವನು ಮೆಟ್ಟಿಲ ಮೇಲೆ ಕಾಲಿಡುವುದರೊಳಗೆ ನನ್ನ ಎರಡೂ ಕೈ ತಾವಾಗಿಯೇ ಅಡ್ಡ ಚಾಚಿದ್ದವು. "ಅಲ್ಲೇ ನಿಂತ್ಕೊಳ್ಳಿ! ಬಾಣಂತಿ ಮನೆ, ಹಸುಗೂಸು ಇದೆ. ವಾಸನೆ, ನೊಣ ಎಲ್ಲ ಆಗೋದಿಲ್ಲ. ಈಗ ಏನೂ ಮಾತು ಬೇಡ, ಮಗು ಒಂದಿಷ್ಟು ಬೆಳೀಲಿ, ಆಮೇಲೆ ನೋಡೋಣ" ಎಂದೆ. ಅವನ ಮುಖ ಸಣ್ಣದಾಯಿತು. ಆ ಮುಖವನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಳ್ಳುತ್ತಿರುವಾಗ, ಕಾಂಪೌಂಡಿನಾಚೆ ಸೊಪ್ಪು ಹೆಚ್ಚುತ್ತಿದ್ದ ಸಿದ್ದಣ್ಣ ಕೆಲಸ ನಿಲ್ಲಿಸಿ, ಆ ಹೊಸಬನನ್ನು ಕರೆದು ಹೇಳಿದ:

"ಒಸಿ ತಡ್ಕಳಿ ಸಾ. ಅವ್ರ ಮನೇದು ಇನ್ನೂ ಮೊದಲ್ನೇ ಜ್ವರಾನೇ ಎದ್ದಿಲ್ಲ. ಅಲ್ಲೀಗಂಟ ಅವ್ರ ಮನೆ ಮಗೀನ್ ಬಟ್ಟೆ ಒಗ್ಕೊಡಿ."